ನೂರಕ್ಕೊಂದು ಗುಲಾಬಿ ಕಾಗದ

ಮೂರು ವೋಟು, ಮೂರೇ ಮೂರು, ಮೈಕಿನ ಗೊರಗೊರದ ನಡುವೆ ಸರಿಯಾಗಿ ಕೇಳಿತೋ ಇಲ್ಲವೋ, ಕೇಳಿತು, ಇಲ್ಲದಿದ್ದರೆ ಪಕ್ಕದ ಕುರ್ಚಿಯ ಡ್ರಾಯಿಂಗ್ ಮೇಷ್ಟ್ರು ಮೊಣಕೈ ತಿವಿದು ನಿಮ್ಮ ನರ್ಸಕ್ಕ ದಡ ಮುಟ್ಟಿದ್ರು ಕಣ್ರೀ ನೂರಕ್ಕ ಅನ್ನುತ್ತಿರಲಿಲ್ಲ, ನಿಮ್ಮ ಅನ್ನಬಾರದು ಮೇಷ್ಟ್ರೇ, ಎಣಿಸುವವರಿಗೆ ನಮ್ಮವರು ನಿಮ್ಮವರು ಇರಬಾರದು ಅಂತ ಬೆಳಿಗ್ಗೆ ತಾನೇ ಪ್ರಮಾಣ ಮಾಡಿಸಿದ್ದಾರೆ, ಆದರೂ ಎದೆ ಡವಡವ, ಬೆರಳಿಗೆ ಹಾಕಿದ ರಬ್ಬರ್ ಟೊಪ್ಪಿಯೊಳಗೆ ಬೆವರು, ಮುಖ ಬಿಗಿಹಿಡಿದು ಕೂತರೂ ತುಟಿ ತಾನಾಗಿ ಅರಳುತ್ತದೆ — ಮೇಯರ್ ಕುರ್ಚಿ ಹೋದರೆ ಹೋಗಲಿ, ಅದು ಮಧ್ಯಾಹ್ನವೇ ಟಾಕೀಸಿನ ದೊಡ್ಡ ಯಜಮಾನನ ಪಾಲಾಯಿತು, ಇಡೀ ಊರಿಗೆ ನಲವತ್ತೊಂದೇ ವೋಟಿನ ಅಂತರದಲ್ಲಿ, ಹೆರಿಗೆ ಆಸ್ಪತ್ರೆ ಕೆಡವಿ ಅಂಗಡಿ ಸಾಲು ಕಟ್ಟಿಸ್ತೀನಿ ಅಂತ ಎದೆ ತಟ್ಟಿ ಹೇಳಿಯೇ ಗೆದ್ದ ಪುಣ್ಯಾತ್ಮ, ಆದರೆ ಕೌನ್ಸಿಲಿನಲ್ಲಿ ಅವನ ಕಡೆ ಹದಿನೈದು ಜನ, ಬೇಡ ಅನ್ನುವವರೂ ಹದಿನೈದು, ಉಳಿದದ್ದು ಈ ವಾರ್ಡೊಂದೇ, ಇಲ್ಲಿ ನಿಂತವನು ಅವನ ತಮ್ಮ, ಚಿಕ್ಕ ಯಜಮಾನ, ಎದುರಿಗೆ ಆ ಆಸ್ಪತ್ರೆಯಲ್ಲೇ ಕೂದಲು ಹಣ್ಣು ಮಾಡಿಕೊಂಡ ನರ್ಸಕ್ಕ, ಇವರೊಬ್ಬರು ಗೆದ್ದರೆ ಮೇಯರ್ ಎಷ್ಟೇ ಹಾರಾಡಲಿ ಆಸ್ಪತ್ರೆಯ ಒಂದು ಇಟ್ಟಿಗೆ ಅಲುಗಾಡಿಸಲಾರ. ಬಸುರಿ ಮಗಳಿಗೆ ಎಂಟು ತಿಂಗಳು ತುಂಬಿದೆ, ಅವಳು ಹುಟ್ಟುವಾಗ ಕಾಲು ಮುಂದಾಗಿ ಬಂದಿದ್ದಳು, ಉಸಿರು ಬಿಡಮ್ಮ, ನನ್ನ ಮುಖ ನೋಡು, ಬೇರೆಲ್ಲೂ ನೋಡ್ಬೇಡ ಅಂದಿದ್ದರು ನರ್ಸಕ್ಕ, ಆಗ ಅವರ ಕೂದಲು ಕಪ್ಪು, ಈಗ ಜಾಲರಿಯ ಆಚೆ ನಿಂತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಾರೆ, ಗೆದ್ದವರು ಹೀಗೆ ಹೆದರಿಕೊಳ್ಳುತ್ತಾರೆಯೇ. ಫೋನೆಲ್ಲ ಬಾಗಿಲಲ್ಲೇ ಇಸಿದುಕೊಂಡಿದ್ದಾರೆ, ಮಗಳು ಮನೆಯಲ್ಲಿ ಒದ್ದಾಡುತ್ತಿರಬೇಕು, ಅಮ್ಮಾ ಏನಾಯ್ತು ಹೇಳಮ್ಮ, ಹೇಳ್ತೀನಿ ಇರೇ, ಅಧಿಕಾರಿ ಇನ್ನೊಂದು ಚೀಟಿ ಓದಲಿ, ಏನದು, ಕೌನ್ಸಿಲ್ ಕಾಗದ ಕೊಟ್ಟಿದ್ದಕ್ಕಿಂತ ಏಳು ಕಡಿಮೆ ಇವೆ, ಪರವಾಗಿಲ್ಲ, ಕೆಲವರು ಜೇಬಲ್ಲಿ ಹಾಕ್ಕೊಂಡು ಮನೆಗೆ ಹೋಗ್ಬಿಡ್ತಾರೆ, ಪ್ರತೀ ಸಲ ಇದ್ದದ್ದೇ. ಎಣಿಕೆಯ ಹಾಲಿನಲ್ಲೆಲ್ಲ ನಗು, ನೂರಕ್ಕನೂ ನಕ್ಕಳು.

ನಕ್ಕಳು, ನಗುತ್ತಲೇ ಗೋಡೆಯ ಬದಿಯ ಹಲಗೆಯ ಮೇಲೆ ಕಣ್ಣು ಹೋಯಿತು, ಅಲ್ಲಿ ಮೇಯರ್ ವೋಟಿನ ಬಿಳಿ ಕಟ್ಟುಗಳು, ಅವಳೇ ಕಟ್ಟಿ ಜೋಡಿಸಿದ್ದು, ಅಂಚು ಒಂದು ಕೂದಲಿನಷ್ಟೂ ಆಚೀಚೆ ಇಲ್ಲ, ಎಷ್ಟು ಅಚ್ಚುಕಟ್ಟು ಅಂತ ಎರಡೂ ಕಡೆಯ ಏಜೆಂಟರು ಹೊಗಳಿದ್ದರು, ಬಿಳಿ, ಬಿಳಿ, ಬಿಳಿ, ನಡುವೆ ಒಂದು ಗುಲಾಬಿ ಅಂಚು. ಇನ್ನಷ್ಟು ಕೆಳಗೆ ಇನ್ನೊಂದು. ಅಯ್ಯೋ. ಬೈಂಡಿಂಗ್ ಶಾಪಿನಲ್ಲಿ ನೂರು ಹಾಳೆ ಎಣಿಸಿದರೆ ಮೇಲೊಂದು ಬಣ್ಣದ ಹಾಳೆ, ಮತ್ತೆ ನೂರು, ಮತ್ತೊಂದು ಬಣ್ಣ, ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ, ಇಪ್ಪತ್ತೊಂಬತ್ತು ವರ್ಷದಿಂದ ಕೈ ತನ್ನಷ್ಟಕ್ಕೆ ಮಾಡುತ್ತದೆ, ಬಾಯಿ ಊರ ಸುದ್ದಿ ಹೇಳುತ್ತಿರುತ್ತದೆ, ಅದಕ್ಕೇ ಶಾಪಿನವರು ಅವಳ ಹೆಸರೇ ಮರೆತು ನೂರಕ್ಕ ಅನ್ನುವುದು, ಎಣಿಕೆಗೆ ಜನ ಬೇಕು ಅಂದಾಗ ಮಾಲೀಕರು ಅವಳನ್ನೇ ಕಳಿಸಿದ್ದು. ಮೇಯರಿಗೆ ಬಿಳಿ ಕಾಗದ, ಕೌನ್ಸಿಲಿಗೆ ಗುಲಾಬಿ, ಪೆಟ್ಟಿಗೆ ಬೇರೆ ಬೇರೆ, ಗಡಿಬಿಡಿಯ ಜನ ಗುಲಾಬಿಯನ್ನು ಬಿಳಿಯ ಪೆಟ್ಟಿಗೆಗೆ ತುರುಕುತ್ತಾರೆ, ಸಿಕ್ಕರೆ ತಗಡಿನ ತಟ್ಟೆಗೆ ಹಾಕಿ, ಕೌನ್ಸಿಲ್ ಟೇಬಲ್ಲಿಗೆ ಕಳಿಸ್ತೀವಿ ಅಂದಿದ್ದರು, ಮೊದಮೊದಲು ಹಾಕಿದಳು, ಆಮೇಲೆ ಮೇಷ್ಟ್ರು ತಟ್ಟೆ ಎತ್ತಿಕೊಂಡು ಆ ಕಡೆ ಹೋದರು, ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು, ಎಡಗೈ ಪಕ್ಕದಲ್ಲಿ ಬಿದ್ದಿದ್ದ ಗುಲಾಬಿ — ಕೈ ಅದನ್ನು ಎತ್ತಿ ನೂರರ ಮೇಲೆ ಇಟ್ಟಿತು, ಎಷ್ಟು ಚೆಂದ, ಒಳಗಿಂದ ಒಂದು ನೆಮ್ಮದಿ ಕೂಡ ಆಯಿತಲ್ಲ ಆಗ. ಏಳು ನೂರು ಎಣಿಸಿದಳು, ಏಳು ಗುಲಾಬಿ.

ಯಾರಿಗೂ ಗೊತ್ತಿಲ್ಲ, ಮೇಷ್ಟ್ರು ಖುಷಿಗೆ ಶೀಟಿ ಹೊಡೆಯುವುದೊಂದು ಬಾಕಿ, ಅರಗು ಕಾಯಿಸುತ್ತಿದ್ದಾರೆ, ಕಟ್ಟುಗಳನ್ನು ಪೆಟ್ಟಿಗೆಗೆ ಹಾಕಿ ಮುದ್ರೆ ಒತ್ತುತ್ತಾರೆ, ಆರು ತಿಂಗಳ ಮೇಲೆ ಸುಡುತ್ತಾರೆ, ಬೂದಿಗೆ ಬಿಳಿಯೇನು ಗುಲಾಬಿಯೇನು, ಬಾಯಿಗೆ ಬೀಗ ಹಾಕಿಕೊಂಡು ಕೂರು ಸಾಕು, ಮಗಳ ಹೆರಿಗೆ ಎರಡು ಬೀದಿಯಾಚೆ ಆಗುತ್ತದೆ, ಇಲ್ಲದಿದ್ದರೆ ನೋವು ಬಂದ ಹೆಂಗಸು ಬಸ್ಸಿನಲ್ಲಿ ಒಂದೂವರೆ ಗಂಟೆ ಕುಲುಕಿಸಿಕೊಂಡು ಹೋಗಬೇಕು, ನರ್ಸಕ್ಕ ಗೆದ್ದಾಗಿದೆ ಕಣೇ, ಮೂರು, ಮೂರೇ ಆದರೂ ಗೆಲುವು ಗೆಲುವೇ, ಏಳೂ ನರ್ಸಕ್ಕನವೇ ಇರಬಹುದಲ್ಲ, ಇದ್ದರೆ ಹತ್ತಾಗುತ್ತದೆ, ಇರದಿದ್ದರೆ, ಇರದಿದ್ದರೆ ಯಾಕೆ ಕೆದಕಬೇಕು, ಆದರೆ ಆ ಏಳು ಜನ ಬೆಳಿಗ್ಗೆ ಮಕ್ಕಳಿಗೆ ಗಂಜಿ ಕುಡಿಸಿಯೋ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿಯೋ ಬಂದು ಬಿಸಿಲಲ್ಲಿ ಸಾಲು ನಿಂತಿದ್ದಾರೆ, ಅವರನ್ನು ಜೇಬಲ್ಲಿ ಹಾಕ್ಕೊಂಡು ಹೋದ್ರು ಅಂತ ಮೈಕಿನಲ್ಲಿ ನಕ್ಕರು, ತಾನೂ ನಕ್ಕಳು, ಒಂದು ಹಾಳೆ ತಪ್ಪಿದ ಪುಸ್ತಕವನ್ನು ಹೊಲಿದಾದ ಮೇಲೂ ಬಿಚ್ಚಿ ಕೂರಿಸಿ ಮಾಲೀಕರ ಕೈಲಿ ಬೈಸಿಕೊಂಡವಳು ತಾನೇ ಅಲ್ಲವೇ, ಕೂತುಕೋ, ಕೂತುಕೋ ಮಾರಾಯ್ತಿ, ಕುರ್ಚಿ ಕಿರ್ರ್ ಅಂದಿತು, ಯಾರು ಎದ್ದದ್ದು, ಅವಳೇ. ಸಾರ್, ಅವು ಮನೆಗೆ ಹೋಗಿಲ್ಲ ಸಾರ್, ನನ್ನ ಕಟ್ಟಲ್ಲೇ ಇವೆ, ನಾನೇ ಇಟ್ಟಿದ್ದು, ಅಭ್ಯಾಸಬಲ.

ಆಮೇಲೆ ಏನು ಗದ್ದಲ, ಚಿಕ್ಕ ಯಜಮಾನ ಜಾಲರಿ ಹಿಡಿದು ಕೂಗುತ್ತಿದ್ದಾನೆ, ಏನಮ್ಮಾ ನಿಂದು ಆಟ, ತಲೆ ನೆಟ್ಟಗಿದ್ಯಾ, ಅಧಿಕಾರಿ ಕನ್ನಡಕ ಒರೆಸಿ ಹಾಕಿಕೊಂಡು ಕೂತ್ಕೊಳ್ಳಿ ಎಲ್ಲಾರೂ ಅನ್ನುತ್ತಾರೆ, ಯಾರೂ ಕೂರುವುದಿಲ್ಲ, ದಾರ ಕತ್ತರಿಸಿದರು, ಅವಳು ಹಾಕಿದ ಗಂಟು, ಸುಲಭಕ್ಕೆ ಬಿಚ್ಚದು, ಏಳು ಗುಲಾಬಿಯನ್ನೂ ಎಳೆದು ವೇದಿಕೆಯ ಮೇಜಿನ ಮೇಲೆ ಮಗುಚಿ ಇಟ್ಟರು, ಒಂದೊಂದೇ ಎತ್ತಿ ಓದುತ್ತಾರೆ, ಮೇಲಿನ ಮನೆಯಲ್ಲಿ ಮುದ್ರೆ ಬಿದ್ದರೆ ನರ್ಸಕ್ಕ, ಕೆಳಗಿನ ಮನೆ ಚಿಕ್ಕ ಯಜಮಾನ, ಮೊದಲನೆಯದೇ ಮೇಲೆ — ಹೋ ಅಂತ ಕೂಗು, ನಾಲ್ಕು ಮುಂದೆ, ಅವಳ ಕಾಲು ನೆಲದ ಮೇಲಿಲ್ಲ, ಎರಡನೆಯದು ಕೆಳಗೆ, ಇರಲಿ, ಮೂರನೆಯದು ಕೆಳಗೆ, ಎರಡು ಮುಂದೆ, ನಾಲ್ಕನೆಯದರಲ್ಲಿ ಮುದ್ರೆಯೇ ಇಲ್ಲ, ಯಾವ ಮಹಾನುಭಾವನಪ್ಪ ಅಷ್ಟು ದೂರ ಬಂದು ಖಾಲಿ ಹಾಕಿದ್ದು, ಐದು ಕೆಳಗೆ, ಆರು ಕೆಳಗೆ, ಅಲ್ಲಿಗೆ ಸಮಸಮ, ಮೇಷ್ಟ್ರು ಅವಳ ತೋಳು ಹಿಂಡುತ್ತಿದ್ದಾರೆ, ನರ್ಸಕ್ಕ ಜಾಲರಿಗೆ ಮುಖ ಒತ್ತಿಕೊಂಡು ಅವಳನ್ನೇ ನೋಡುತ್ತಿದ್ದಾರೆ, ನಗುತ್ತಿದ್ದಾರೆ, ಹೇಳಿದ್ದು ಒಳ್ಳೇದಾಯ್ತು ಬಿಡಮ್ಮ, ಏನಾದ್ರೂ ಆಗ್ಲಿ, ಉಸಿರು ಬಿಡು, ನನ್ನ ಮುಖ ನೋಡು, ನೋಡಬೇಕು, ಆ ಮುಖವನ್ನೇ ನೋಡಬೇಕು, ಆದರೆ ಕಣ್ಣು ಹೋಗುವುದು ವೇದಿಕೆಗೆ, ಅಧಿಕಾರಿ ಏಳನೆಯದನ್ನು ಎತ್ತಿದ್ದಾರೆ, ಅವರ ಹಿಂದೆ ಎತ್ತರದ ಕಿಟಕಿ, ಸಂಜೆಯ ಬಿಸಿಲು ನೇರ ಒಳಗೆ, ಅವರಿನ್ನೂ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಾರೆ, ಓದಿಲ್ಲ, ಯಾರೂ ಓದಿಲ್ಲ, ಕಾಗದದ ಬೆನ್ನು ಅವಳ ಕಡೆಗೆ, ತೆಳ್ಳನೆಯ ಕಾಗದ, ಈ ತೂಕದ ಕಾಗದದಲ್ಲಿ ಶಾಯಿ ಹಿಂದಕ್ಕೆ ಕಾಣುತ್ತದೆ, ಬೆಳಕಿಗೆ ಹಿಡಿದು ಯಾವುದು ತಲೆ ಯಾವುದು ಬುಡ ಅಂತ ದಿನಕ್ಕೆ ಸಾವಿರ ಹಾಳೆ ನೋಡುವ ಕಣ್ಣು ಅವಳದು, ತಲೆಬರಹದ ಸಾಲು ಮೇಲಿದೆ, ಸರಿಯಾಗಿಯೇ ಹಿಡಿದಿದ್ದಾರೆ, ಅದರ ಕೆಳಗೆ ಮೊದಲ ಮನೆ, ಖಾಲಿ, ಬರೀ ಬಿಸಿಲು, ಗುಲಾಬಿ ಬಿಸಿಲು, ನರ್ಸಕ್ಕ ಇನ್ನೂ ನಗುತ್ತಿದ್ದಾರೆ, ಅದರ ಕೆಳಗೆ, ಕೆಳಗಿನ ಮನೆಯಲ್ಲಿ, ಕಪ್ಪಗೆ, ದುಂಡಗೆ, ಗುಲಾಬಿ ಕಾಗದ, ಕೆಳಗಿನ ಮನೆಯಲ್ಲಿ ಕಪ್ಪಗೆ, ಗುಲಾಬಿ ಕಾಗದ, ಕೆಳಗೆ —