ಪಟಾಕಿ ಹೊಡೆದವರೇ ರಾಜಿಗೆ ಕೂತರು

ನಮ್ಮ ಮಗ್ಗೆ ಊರಿನ ಕಡೆಯ ಗಂಡಸರ ಬುದ್ಧಿಗೆ ಏನು ಹೇಳುವುದು! ಆನೆ ಬಂದರೆ ನಮ್ಮ ಮೇಲಿನಕೇರಿಯವರು ಪಟಾಕಿ ಹೊಡೆದು ಕೆಳಗಿನಕೇರಿಗೆ ಅಟ್ಟುತ್ತಾರೆ. ಅವರು ಮತ್ತೆ ಮೇಲಕ್ಕೆ ಅಟ್ಟುತ್ತಾರೆ. ಆನೆ ಹೋಗುವಾಗಲೂ ತೋಟ ತುಳಿಯುತ್ತದೆ, ಬರುವಾಗಲೂ ತುಳಿಯುತ್ತದೆ. ಇದೇ ಜಗಳಕ್ಕೆ ಎರಡು ಕೇರಿಗೂ ಮಾತು ನಿಂತಿತ್ತು.

ಕಾಫಿ ಕೊಯ್ಲಿನ ಒಂದು ಬೆಳಗ್ಗೆ ನಮ್ಮನೆಯವರು ನಂಜುಂಡ ಹೊಡೆದ ಪಟಾಕಿಗೆ ಬೆದರಿ ಆನೆ ಕೆಳಗೆ ನುಗ್ಗಿತು. ಅದೇ ದಾರಿಯಲ್ಲಿ ಕೆಳಗಿನಕೇರಿಯ ಮಾರಮ್ಮ ಎಸ್ಟೇಟ್ ಕೆಲಸಕ್ಕೆ ಬರುತ್ತಿದ್ದಳು. ಕಂದಕಕ್ಕೆ ಹಾರಿ ಜೀವ ಉಳಿಸಿಕೊಂಡಳು, ಕೈ ಮುರಿಯಿತು. ದಿನಾ ನನ್ನ ಪಕ್ಕದ ಸಾಲಿನಲ್ಲೇ ಹಣ್ಣು ಕೊಯ್ಯುವವಳು!

ನಮ್ಮ ಜಗುಲಿಯಲ್ಲಿ ರಾಜಿ ಸಭೆ ಕೂತಿತು. ಕೂತವರು ಯಾರು? ಪಟಾಕಿ ಹೊಡೆದವರೇ. ಸಭೆ ಮೇಲೆ ಸಭೆ, "ಮೊದ್ಲು ಅವ್ರು ತಪ್ಪೊಪ್ಕೊಳ್ಲಿ" ಅನ್ನುವುದೊಂದೇ ಮಾತು. ಒಳಗೆ ಕಾಫಿ ಕಾಸಿ ಕಾಸಿ ನನಗೆ ಸಾಕಾಗಿಹೋಯಿತು.

ನಮ್ಮ ಸ್ವಸಹಾಯ ಸಂಘದ ಶಾಲಿನಿ ಬಂದವಳೇ ಗದರಿದಳು. "ಗಂಗಾಮಣಕ್ಕ, ಒಲೆ ಮುಂದೆ ಬೈಕೊಂಡ್ರೆ ಏನ್ ಬಂತು? ಎರಡು ಕೇರಿ ಹೆಂಗಸ್ರೂ ಒಂದೇ ತೋಟದಲ್ಲಿ ಕೊಯ್ತೀವಿ. ನಾವೇನ್ ಮಾತು ಬುಟ್ಟಿಲ್ವಲ್ಲ! ಪೆಟ್ಟು ತಿಂದೋರು ಇಲ್ದಿರೋ ರಾಜಿ ನಿಲ್ಲಲ್ಲ ಕಣಕ್ಕ. ಬಾ, ಕೂರೋಣ."

ಕೂತೆವು. ಮಾರಮ್ಮನೂ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಳು. ಹಿರಿಯರಾದ ಮಹಾದೇವಯ್ಯ ಸಿಡುಕಿದರು. "ಹೆಂಗಸ್ರಿಗೆ ಏನಮ್ಮಾ ಕೆಲ್ಸ ಇಲ್ಲಿ?"

"ಆನೆಗೆ ಎದುರು ಸಿಗೋ ಕೆಲ್ಸ ನಮ್ದೇ ಅಲ್ವಾ? ಅದನ್ನೇ ಹೇಳಕ್ಕೆ ಬಂದ್ವಿ" ಎಂದೆ.

ಮಾರಮ್ಮ ನಮ್ಮನೆಯವರ ಕಡೆ ತಿರುಗಿದಳು. "ನಂಜುಂಡಣ್ಣ, ಒಂದು ಫೋನ್ ಮಾಡಕ್ಕೆ ಏನಾಗಿತ್ತು? ನಿನ್ ತಪ್ಪೊಪ್ಪಿಗೆ ಯಾರಿಗ್ ಬೇಕು ಮಾರಾಯ! ನಂಗೆ ನಾಳೆ ಕೆಲ್ಸಕ್ಕೆ ಹೋಗೋ ದಾರಿ ಬೇಕು."

ಇವರು ತಲೆ ತಗ್ಗಿಸಿದರು. ಅವತ್ತೇ ಮಾತಾಯಿತು. ಇನ್ನು ಯಾರೂ ಪಟಾಕಿ ಹೊಡೆಯಬಾರದು. ಆನೆ ಕಂಡವರು ಕೂಡಲೇ ಆಚೆ ಕೇರಿಗೂ ಅರಣ್ಯ ಇಲಾಖೆಗೂ ಫೋನ್ ಮಾಡಬೇಕು.

"ಇಷ್ಟೇನಾ? ಮೊದ್ಲೇ ಬರ್ಬಾರ್ದಿತ್ತಾ ನೀವು?" ಎಂದರು ಮಹಾದೇವಯ್ಯ. ಕರೆದರೆ ತಾನೇ ಬರುವುದು!

ಈಗ ಮಾರಮ್ಮನ ಕೈ ಕೂಡಿದೆ, ಕೆಲಸಕ್ಕೆ ಬರುತ್ತಿದ್ದಾಳೆ. ಮೊನ್ನೆ ಬೆಳಗ್ಗೆ ದಾರಿ ಪಕ್ಕದ ನಮ್ಮ ತೋಟಕ್ಕೆ ಆನೆ ಬಂತು. ನಮ್ಮನೆಯವರು ಪಟಾಕಿ ಮುಟ್ಟಲಿಲ್ಲ. ಫೋನ್ ಹಿಡಿದು ಕೂಗುತ್ತಿದ್ದರು: "ಮಾರಮ್ಮ, ಹೊರಡಬ್ಯಾಡ ಕಣವ್ವ! ಆನೆ ಐತೆ ದಾರೀಲಿ!" ನಮ್ಮ ಬಾಳೆ ಒಂದಷ್ಟು ಹೋಯಿತು. ಹೋಗಲಿ, ಮಾರಮ್ಮ ಮನೆಯಲ್ಲಿದ್ದಳು.

ಅಕ್ಕತಂಗಿಯರೇ, ನಿಮ್ಮೂರಲ್ಲೂ ಜಗಳ ಇದ್ದೇ ಇರುತ್ತದೆ, ನೀರಿನದೋ ಬೇಲಿಯದೋ. ರಾಜಿಗೆ ಕೂತಾಗ ಕರೆಯಲೆಂದು ಕಾಯಬೇಡಿ. ಒಲೆ ಆರಿಸಿ, ಹೊರಗೆ ಬಂದು ಕೂತುಕೊಳ್ಳಿ. ಅಣ್ಣಂದಿರೇ, ನೀವು ಸ್ವಲ್ಪ ಸರಿದು ಜಾಗ ಬಿಡಿ. ಕಾಫಿ ಬೇಕಾದರೆ ನೀವೂ ಕಾಸಬಹುದು.