ಹನ್ನೆರಡನೆಯ ಅಧ್ಯಾಯದ ಕೊಳೆ

ನಾನು ಎಪ್ಪತ್ತಮೂರು ಪುಸ್ತಕಗಳಿರುವ ಬೈಬಲ್. ಎಣಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಸ್ ನಿಲ್ದಾಣದಲ್ಲಿ ಪುಕ್ಕಟೆ ಹಂಚುವ ಬೈಬಲಿನಲ್ಲಿ ಅರವತ್ತಾರೇ ಇರುತ್ತವೆ. ಕಥೋಲಿಕರ ಬೈಬಲಾದ ನನ್ನಲ್ಲಿ ಏಳು ಹೆಚ್ಚು. ಜೊತೆಗೆ ಪುಟಗಳ ಬುಡದಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳು. ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಹುಟ್ಟಿದೆ. ನನ್ನನ್ನು ಹೊಲಿದ ಹೆಂಗಸು ಹಿಂದಿನ ದಿನ ಪಂಚಾಂಗ ಹೊಲಿದಿದ್ದಳು. ಅದೇ ದಾರ, ಅದೇ ಗೋಂದು.

ಕೊಳ್ಳೇಗಾಲದಾಚೆಯ ಕಲ್ಲುಮಾಳದ ಚರ್ಚು ನನ್ನನ್ನು ಕೊಂಡು ಉಪದೇಶಿ ಇನ್ನಾಸಪ್ಪನ ಕೈಗೆ ಕೊಟ್ಟಿತು. ಉಪದೇಶಿ ಎಂದರೆ ಊರಿಗೆ ಧರ್ಮ ಕಲಿಸುವವನು. ಪೂಜೆ ನಡೆಸುವ ಗುರುಗಳು ವರ್ಗವಾಗಿ ಹೋಗುತ್ತಾರೆ, ಉಪದೇಶಿ ಅಲ್ಲೇ ಇರುತ್ತಾನೆ. ಅವನು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ. ನನ್ನ ರಟ್ಟಿನ ಒಂದು ಮೂಲೆ ಇಂದಿಗೂ ಅವನ ಬೆವರಿಗೆ ಉಬ್ಬಿಕೊಂಡಿದೆ.

ಭಾನುವಾರ ಪೂಜೆ ಮುಗಿದ ಮೇಲೆ ಬೇವಿನ ಮರದಡಿ ಪಾಠ. ಯಾರಾದರೂ ಒಂದು ವಾಕ್ಯ ಹಿಡಿದು ತಮಗೆ ಬೇಕಾದ ಅರ್ಥ ಹೇಳಿದರೆ ಇನ್ನಾಸಪ್ಪ ಕೆಳಗಿನ ಟಿಪ್ಪಣಿಯನ್ನು ಬೆರಳಿನಿಂದ ಕುಟ್ಟುತ್ತಿದ್ದ.

"ಬರೀ ಮೇಲ್ಗಡೆ ಓದ್ಬುಟ್ಟು ಓಡ್ಬೇಡ್ರಪ್ಪ. ನಿಮಗಿಂತ ಮುಂಚೆ ಎರಡು ಸಾವಿರ ವರ್ಸ ಜನ ಓದವ್ರೆ, ಅವ್ರೇನಂದ್ರು ಕೇಳಿ. ಬೈಬಲ್ ಒಂದೇ ಸಾಲ್ದು, ಪರಂಪರೇನೂ ಬೇಕು."

ಈ ಕೊನೆಯ ಮಾತನ್ನು ಇಪ್ಪತ್ತು ವರ್ಷ ಹೇಳಿದ. ಊರು ಬಾಯಿಪಾಠ ಮಾಡಿತು. ಬೇರೇನನ್ನೂ ಕಲಿಯಲಿಲ್ಲ. ಒಮ್ಮೆ ಪೂಜೆಯಲ್ಲಿ ವಾಚನ ಮಾಡಿದವನು "ಟಿಪ್ಪಣಿ ಮೂರು ನೋಡಿ" ಎಂಬುದನ್ನೂ ಸೇರಿಸಿ ಓದಿದ. ದೇವರ ವಾಕ್ಯಕ್ಕೆ ಹೇಳುವಂತೆಯೇ ಜನ "ದೇವರಿಗೆ ಕೃತಜ್ಞತೆ ಸಲ್ಲಲಿ" ಎಂದರು.

ಚೌರಮ್ಮ ರೇಷ್ಮೆ ಗೂಡು ಬಿಡಿಸುವ ವಿಧವೆ. ಅವಳ ಮಗಳು ಪ್ರಿಸಿಲ್ಲ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಾನೇ ಪ್ರಾಣ ಕಳೆದುಕೊಂಡಳು. ಹಾಗೆ ಸತ್ತವರನ್ನು ಸಮಾಧಿಭೂಮಿಯ ಗೋಡೆಯಾಚೆ ಹೂಳುವುದು ಊರಿನ ರೂಢಿ. ನವೆಂಬರ್ ಎರಡರಂದು, ಸತ್ತವರ ಹಬ್ಬದಲ್ಲಿ, ಗುರುಗಳು ಸಮಾಧಿ ಸಮಾಧಿಗೂ ತೀರ್ಥ ಚಿಮುಕಿಸಿ ಪ್ರಾರ್ಥಿಸುತ್ತಾರೆ. ಗೋಡೆಯಾಚೆಗೆ ಹೋಗುವುದಿಲ್ಲ. ಹಬ್ಬಕ್ಕೆ ಮೂರು ತಿಂಗಳಿರುವಾಗ ಚೌರಮ್ಮ ಉಪದೇಶಿಯ ಬಾಗಿಲಿಗೆ ಬಂದಳು.

"ನಂಗೆ ಓದಾಕೆ ಬರಲ್ಲ. ನನ್ ಮಗಳಿಗೆ ಒಂದ್ ತೊಟ್ಟು ತೀರ್ಥ ಹಾಕ್ಬಾರ್ದು ಅಂತ ಅದ್ರಲ್ಲಿ ಎಲ್ಲಿ ಬರ್ದದೆ, ಬೆರ್ಳಿಟ್ಟು ತೋರ್ಸು."

ಅವನು ಹದಿನೈದು ದಿನ ನನ್ನನ್ನು ಹಿಂದುಮುಂದು ತಿರುವಿದ. ಅಂಥದ್ದು ಎಲ್ಲಿಯೂ ಇರಲಿಲ್ಲ. ಸಿಕ್ಕಿದ್ದು ಆ ಹೆಚ್ಚಿನ ಏಳರಲ್ಲೊಂದಾದ ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯ. ಯುದ್ಧದಲ್ಲಿ ಸತ್ತ ಸೈನಿಕರ ಅಂಗಿಯೊಳಗೆ ಅನ್ಯದೇವರ ತಾಯಿತಗಳು ಸಿಗುತ್ತವೆ. ಪಾಪದಲ್ಲೇ ಸತ್ತವರು. ಆದರೂ ಸೇನಾಪತಿ ಯೂದ ಅವರನ್ನು ಕೈಬಿಡುವುದಿಲ್ಲ. ಅವರಿಗಾಗಿ ಪ್ರಾರ್ಥನೆ ಮಾಡಿಸುತ್ತಾನೆ, ಜೆರುಸಲೇಮಿನಲ್ಲಿ ಬಲಿ ಅರ್ಪಿಸಲು ಏರ್ಪಾಡು ಮಾಡುತ್ತಾನೆ. ಸತ್ತವರಿಗಾಗಿ ಧರ್ಮಸಭೆ ಪ್ರಾರ್ಥಿಸುವುದಕ್ಕೆ ಇದೂ ಆಧಾರ ಎಂದು ಟಿಪ್ಪಣಿ ಹೇಳುತ್ತದೆ. ಇನ್ನಾಸಪ್ಪ ಚೌರಮ್ಮನ ತೋರುಬೆರಳನ್ನು ಆ ಸಾಲಿನ ಮೇಲೆ ಇಟ್ಟ. ಅಂದಿನಿಂದ ಅವಳು ಗೂಡಿನ ಕೆಲಸ ಮುಗಿಸಿ ದಿನಾ ಬಂದು ಅಲ್ಲಿಯೇ ಬೆರಳಿಡುತ್ತಿದ್ದಳು. ಪುಟ ಕಪ್ಪಾಯಿತು.

ಗೋಡೆಯಾಚೆಗೂ ತೀರ್ಥ ಹಾಕಬೇಕೆಂದು ಇನ್ನಾಸಪ್ಪ ಕೇಳಿದ್ದಕ್ಕೆ ಚರ್ಚಿನ ಮಂಡಳಿ ಸಭೆ ಸೇರಿತು. ಅಧ್ಯಕ್ಷ ರಾಯಪ್ಪ. ರಾಯಪ್ಪ ಎಂಬುದು ಯೇಸುವಿನ ಶಿಷ್ಯ ಪೇತ್ರನಿಗೆ ನಮ್ಮವರ ಹಳೆಯ ಹೆಸರು. ಪೇತ್ರ ಎಂದರೆ ಬಂಡೆ. ಊರಿನ ಕಲ್ಲುಗಣಿ ಈ ರಾಯಪ್ಪನದೇ. ಸಮಾಧಿಭೂಮಿಯ ಗೋಡೆಗೆ ಕಲ್ಲು ಕೊಟ್ಟವನೂ ಅವನೇ. ಬರುವಾಗ ಮನೆಯಿಂದ ತನ್ನ ಬೈಬಲ್ ತಂದಿದ್ದ, ಬಸ್ ನಿಲ್ದಾಣದ್ದು. ಉಗುಳು ಹಚ್ಚಿ ಪುಟ ತಿರುವಿದ.

"ಮಕ್ಕಬಿಯರಾ? ನನ್ ಬುಕ್ಕಲ್ಲಿ ಇಲ್ವಲ್ಲಯ್ಯ. ನೀನೇ ಬರ್ದು ಹೊಲ್ಸಿದ್ಯಾ?"

ಎಲ್ಲರೂ ನಕ್ಕರು.

"ಅದು ಬೇರೆ ಸಭೆಯವ್ರ ಬೈಬಲ್ಲು ರಾಯಣ್ಣ. ನಮ್ದರಲ್ಲಿ ಅದೆ, ನೋಡು," ಎಂದು ಇನ್ನಾಸಪ್ಪ ನನ್ನನ್ನು ತೆರೆದು ಹಿಡಿದ. ರಾಯಪ್ಪ ನೋಡಲಿಲ್ಲ.

"ಇರ್ಲಿ ಬುಡು. ಬೈಬಲ್ ಒಂದೇ ಸಾಲ್ದು, ಪರಂಪರೇನೂ ಬೇಕು ಅಂತ ಇಪ್ಪತ್ ವರ್ಸ ಬಡ್ಕೊಂಡೋನು ನೀನೇ ತಾನೆ? ಗೋಡೆ ಆಚೆ ಹೂಳೋದು ನಮ್ ಮುತ್ತಾತನ ಕಾಲದ ಪರಂಪರೆ. ಈಗ ಬೇಡ್ವಾ?"

ಇನ್ನಾಸಪ್ಪ ಟಿಪ್ಪಣಿಯನ್ನು ಬೆರಳಿನಿಂದ ಕುಟ್ಟಿದ. "ಆ ಪರಂಪರೆ ಬೇರೆ ಕಣಣ್ಣ. ಅದು ಯೇಸುವಿನ ಶಿಷ್ಯರಿಂದ ಬಂದದ್ದು, ಸಭೆ ಕಾಪಾಡ್ಕೊಂಡಿರೋದು. ಇದು ಬರೀ ಊರ ರೂಢಿ..."

"ಬೇಕಾದಾಗ ಒಂದು ಪರಂಪರೆ, ಬ್ಯಾಡ್ದಾಗ ಇನ್ನೊಂದಾ?"

ಜನ ಚಪ್ಪಲಿ ಹುಡುಕತೊಡಗಿದರು. ಹೀಗೆ ಸತ್ತವರ ಬಗ್ಗೆ ಧರ್ಮಸಭೆಯ ಹಳೆಯ ಕಟ್ಟಳೆಗಳು ಈಗ ಸಡಿಲವಾಗಿರುವುದು ಗುರುಗಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವರ ವರ್ಗಾವಣೆ ಹತ್ತಿರವಿತ್ತು. "ಊರವರು ಒಪ್ಪಿದರೆ ನನ್ನ ಅಭ್ಯಂತರ ಇಲ್ಲ," ಎಂದರು.

ಹಬ್ಬದ ದಿನ ಇನ್ನಾಸಪ್ಪ ನನ್ನನ್ನು ಹಿಡಿದು ಗೋಡೆಯಾಚೆ ಹೋದ. ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದ. ಆಮೆನ್ ಎಂದವಳು ಚೌರಮ್ಮ ಒಬ್ಬಳೇ. ತೀರ್ಥದ ಪಾತ್ರೆ ಗೋಡೆಯೊಳಗೇ ಉಳಿಯಿತು. ಮುಂದಿನ ಭಾನುವಾರ ಅವನಿಂದ ಚರ್ಚಿನ ಬೀಗದ ಕೈಯನ್ನೂ ನನ್ನನ್ನೂ ವಾಪಸು ಪಡೆದರು. ಕೊಯಮತ್ತೂರಿನ ಗಿರಣಿಯೊಂದರಲ್ಲಿ ಕಾವಲುಗಾರನಾದನೆಂದು ಕೇಳಿದೆ.

ಒಂಬತ್ತು ವರ್ಷ ಕಪಾಟಿನಲ್ಲಿ ಮೊಂಡು ಮೇಣದಬತ್ತಿಗಳ ಜೊತೆ ಬಿದ್ದಿದ್ದೆ.

ಆಮೇಲೆ ರಾಯಪ್ಪನ ಕಿರಿಯ ಮಗ ಬೆನೆಡಿಕ್ಟ್ ಪ್ರಿಸಿಲ್ಲಳ ಹಾಗೆಯೇ ಸತ್ತ. ಕಪಾಟು ತೆರೆದವನು ಸ್ವತಃ ರಾಯಪ್ಪ. ಹುಡುಕುವ ಕಷ್ಟ ಇರಲಿಲ್ಲ. ದಿನಾ ಅಲ್ಲಿಯೇ ತೆರೆದು ಬೆನ್ನು ಮುರಿದಿದ್ದ ನಾನು ಅದೇ ಪುಟಕ್ಕೆ ತೆರೆದುಕೊಂಡೆ. ತುಟಿ ಆಡಿಸುತ್ತ ಎರಡು ಸಲ ಓದಿ ಅತ್ತ. ಅದು ನಾಟಕದ ಅಳುವಲ್ಲ, ಅಷ್ಟನ್ನು ಒಪ್ಪಬೇಕು. ಕಣ್ಣೊರೆಸಿಕೊಂಡು ಮಂಡಳಿಯ ಮುಂದೆ ನನ್ನನ್ನು ಎತ್ತಿ ಹಿಡಿದ.

"ಸತ್ತೋರಿಗೆ ಪ್ರಾರ್ಥನೆ ಮಾಡೋದು ನಮ್ ಸಭೆಯ ಪರಂಪರೆ. ಇಲ್ಲೇ ಬರ್ದದೆ."

ಎಲ್ಲರೂ ಒಪ್ಪಿದರು. ಬಸ್ ನಿಲ್ದಾಣದ ಬೈಬಲನ್ನು ಯಾರೂ ತರಲಿಲ್ಲ. ಆದರೆ ಊರಿನ ರೂಢಿಯೂ ಮುರಿಯಬಾರದಲ್ಲ? ಹುಡುಗನನ್ನು ಗೋಡೆಯಾಚೆಯೇ ಹೂತರು. ತಿಂಗಳು ಕಳೆಯುವುದರೊಳಗೆ ಆ ಬದಿಯ ಗೋಡೆ ಒಡೆದು, ಅವನ ಸಮಾಧಿ ಒಳಗೆ ಬರುವಂತೆ ಹೊಸದು ಕಟ್ಟಿದರು. ಗೋಡೆ ಪ್ರಿಸಿಲ್ಲಳ ಸಮಾಧಿಗಿಂತ ನಾಲ್ಕು ಅಡಿ ಈಚೆಗೆ ತಿರುಗಿತು. ಹೊಸ ಗೋಡೆಯ ಆಶೀರ್ವಾದದ ದಿನ ವಾಚನಕ್ಕೆಂದು ನನ್ನನ್ನೂ ಅಲ್ಲಿಗೆ ಒಯ್ದಿದ್ದರು.

"ಇನ್ನ ನಾಕೇ ಅಡಿ ರಾಯಣ್ಣ," ಎಂದಳು ಚೌರಮ್ಮ.

"ಕಲ್ಲು ಮುಗೀತು ಚೌರಮ್ಮ," ಎಂದ ಗಣಿಯ ಒಡೆಯ.

ಚರ್ಚಿಗೆ ಚಿನ್ನದಂಚಿನ ಹೊಸ ಬೈಬಲ್ ಬಂತು, ರಾಯಪ್ಪನ ಮಗನ ನೆನಪಿಗೆ. ನನ್ನನ್ನು ಪಟ್ಟಣದಲ್ಲಿ ಕನ್ಯಾಸ್ತ್ರೀಯರು ನಡೆಸುವ ಹಾಸ್ಟೆಲಿನ ಲೈಬ್ರರಿಗೆ ದಾನ ಕೊಟ್ಟರು. ವರ್ಷಕ್ಕೊಮ್ಮೆ ಬೈಬಲ್ ಕ್ವಿಜ್ ಬಂದಾಗ ಹುಡುಗಿಯರು ಧೂಳು ಊದಿ ನನ್ನನ್ನು ಕೆಳಗಿಳಿಸುತ್ತಾರೆ. ಪಠ್ಯಕ್ಕೆ ಇಟ್ಟ ಒಂದು ಪುಸ್ತಕ ಓದುತ್ತಾರೆ. ಉಳಿದ ಎಪ್ಪತ್ತೆರಡು ಸುಮ್ಮನಿರುತ್ತವೆ. ಮೊನ್ನೆ ಒಬ್ಬಳ ಕೈಯಲ್ಲಿ ನಾನು ಅಭ್ಯಾಸದಂತೆ ಹನ್ನೆರಡನೆಯ ಅಧ್ಯಾಯಕ್ಕೆ ತೆರೆದುಕೊಂಡೆ.

"ಥೂ, ಯಾರೋ ತಿಂದು ಕೈ ತೊಳೀದೆ ಮುಟ್ಟವ್ರೆ ಕಣೇ," ಎಂದು ರಬ್ಬರಿನಿಂದ ಉಜ್ಜಿದಳು. ಕೊಳೆ ಹೋಗಲಿಲ್ಲ, ಅಕ್ಷರ ಸವೆಯಿತು. ಅದು ಈ ವರ್ಷದ ಪಠ್ಯದಲ್ಲಿಲ್ಲ ಎಂದು ಗೆಳತಿ ನೆನಪಿಸಿದ ಮೇಲೆ ಮುಚ್ಚಿದಳು.

ನನ್ನಲ್ಲಿ ಎಪ್ಪತ್ತಮೂರು ಪುಸ್ತಕಗಳಿವೆ. ಬುಡದಲ್ಲಿ ಎರಡು ಸಾವಿರ ವರ್ಷ ಓದಿದವರ ಮಾತಿದೆ. ಎಲ್ಲ ಸೇರಿಯೂ ಒಂದು ಗೋಡೆಯನ್ನು ನಾಲ್ಕು ಅಡಿ ಆಚೆಗೆ ಸರಿಸಲು ನಮ್ಮಿಂದ ಆಗಲಿಲ್ಲ.