ಗೋಡೆಯ ಪ್ರಮಾಣಪತ್ರ, ಭಾವನ ವ್ಯಾನು

ಗಾಡಿ ಒಮ್ಮೆ ಕೆಮ್ಮಿದರೆ ಸಾಕು, ಅದರ ಅಜ್ಜಿಗೆ ಯಾವ ಕಾಯಿಲೆ ಇತ್ತು ಅಂತ ಹೇಳಬಲ್ಲ ಮೆಕ್ಯಾನಿಕ್ ನಾನು. ಅಂಥ ನಾನೇ ನನ್ನ ಭಾವನ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದೆ ನೋಡಿ.

ಭಾವ ಕಾರ್ಖಾನೆಯಿಂದ ಅಂಗಡಿಗಳಿಗೆ ಬ್ರೆಡ್ ಸಾಗಿಸುವವರು. ಕಾರ್ಖಾನೆ ಕೊಡುವ ತಿಂಗಳ ಬಾಡಿಗೆ ಇಷ್ಟೇ ಅಂತ ನಿಗದಿ, ಡೀಸೆಲ್ ಖರ್ಚು ಅವರದೇ. ಹಳೆ ವ್ಯಾನು ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಓಡುತ್ತಿತ್ತು. ಹೊಸದು ಅದಕ್ಕಿಂತ ಕಡಿಮೆ ಓಡಿದರೆ ಮನೆ ಮುಳುಗಿದ ಹಾಗೆಯೇ.

ಆ ಮಧ್ಯಾಹ್ನ ಅಕ್ಕ ಗ್ಯಾರೇಜಿಗೆ ಬಂದಳು. ಅವಳಿಗೆ ವಾಹನ ಪರೀಕ್ಷಾ ಕೇಂದ್ರದಲ್ಲಿ ಕೆಲಸ.

"ನಿನ್ನ ಭಾವ ಎಲ್ಲೋ? ಫೋನ್ ಎತ್ತುತ್ತಿಲ್ಲ."

"ಶೋರೂಮಲ್ಲಿ ಅಕ್ಕಾ. ನಾಲ್ಕು ಗಂಟೆಗೆ ಸಹಿ. ಹಳೆ ವ್ಯಾನು ಕೊಟ್ಟು ಹೊಸದು ತರ್ತಾರೆ. ದೊಡ್ಡದೇ ತಗೊಳ್ಳಿ ಅಂತ ನಾನೇ ಹೇಳಿದೆ."

"ಅದು ಎಷ್ಟು ಓಡುತ್ತೆ ಅಂತ ನೋಡಿದ್ಯಾ?"

"ನೋಡೋದೇನು? ಸರ್ಕಾರದ ಮೈಲೇಜ್ ನಿಯಮ ಪಾಲಿಸಿದ ಕಂಪನಿ ಅಂತ ಗೋಡೆ ಮೇಲೆ ಪ್ರಮಾಣಪತ್ರ ಇದೆ. ಬಾಗಿಲಷ್ಟು ದೊಡ್ಡದು!"

ಅಕ್ಕ ಹಣೆ ಚಚ್ಚಿಕೊಂಡಳು. "ಅದು ಕಂಪನಿಯದ್ದು ಕಣೋ, ಆ ವ್ಯಾನಿನದಲ್ಲ! ತೆಗಿ ಸ್ಕೂಟರ್!"

ಗಡಿಯಾರದಲ್ಲಿ ಮೂರೂ ನಲವತ್ತು. ದಾರಿಯುದ್ದಕ್ಕೂ ಕೆಂಪು ದೀಪಗಳು. ಒಂದೊಂದೂ ಒಂದೊಂದು ಯುಗ ಉರಿಯಿತು. ಹಿಂದೆ ಕೂತ ಅಕ್ಕ ನನ್ನ ಕಿವಿಗೇ ಪಾಠ ಹೇಳತೊಡಗಿದಳು.

"ನಿಯಮ ಇರೋದು ಕಂಪನಿ ಮಾರಿದ ಎಲ್ಲಾ ಗಾಡಿಗಳ ಸರಾಸರಿಗೆ. ಆ ಸರಾಸರಿ ಸರ್ಕಾರ ಇಟ್ಟ ಗುರಿಗಿಂತ ಚೆನ್ನಾಗಿ ಬಂದ್ರೆ ಕಂಪನಿಗೆ ಕ್ರೆಡಿಟ್ ಅಂತ ಅಂಕ ಸಿಗುತ್ತೆ. ಗುರಿ ಮುಟ್ಟದ ಕಂಪನಿ ಆ ಅಂಕ ಕೊಂಡು ತನ್ನ ಕೊರತೆ ತುಂಬಿಸ್ಕೊಳ್ಳಬಹುದು."

"ಅದು ಮೋಸ ಅಲ್ವಾ?"

"ಅಲ್ಲ, ನಿಯಮದಲ್ಲೇ ಇದೆ. ಒಟ್ಟಾರೆ ಇಂಧನ ಉಳಿಬೇಕು ಅನ್ನೋದು ಉದ್ದೇಶ. ಆದ್ರೆ ಸರಾಸರಿ ತಗೊಂಡು ನಿನ್ನ ಭಾವ ಗಾಡಿ ಓಡಿಸೋಕಾಗಲ್ಲ. ಅಪ್ಪ ಆರಡಿ, ನೀನು ಐದಡಿ. ಸರಾಸರಿ ಐದೂವರೆ ಅಂತ ನಿನಗೆ ಆ ಅಳತೆಗೆ ಪ್ಯಾಂಟ್ ಹೊಲಿಸಿದ್ರೆ ಬೀದಿ ಗುಡಿಸ್ಕೊಂಡು ಹೋಗ್ತೀಯ!"

ಮೈಲೇಜ್ ವಿಷಯ ನಂಬಿ. ನನ್ನ ಎತ್ತರದ ಬಗ್ಗೆ ಅವಳ ಮಾತು ನಂಬಬೇಡಿ.

ನಾವು ಶೋರೂಮಿಗೆ ನುಗ್ಗಿದಾಗ ಭಾವ ಎರಡು ಹಾಳೆಗೆ ಸಹಿ ಮಾಡಿ ಮೂರನೆಯದಕ್ಕೆ ಪೆನ್ನು ಊರಿದ್ದರು. ಹೊರಗೆ ಶೋರೂಮಿನವನೊಬ್ಬ ಭಾವನ ಹಳೆ ವ್ಯಾನು ಒಯ್ಯಲು ಇಂಜಿನ್ ಚಾಲೂ ಮಾಡಿ ಕೂತಿದ್ದ.

"ರೀ, ನಿಲ್ಲಿಸಿ!" ಅಕ್ಕನ ಕೂಗಿಗೆ ಹತ್ತು ಗಾಡಿಗಳ ಗಾಜು ನಡುಗಿದವು.

"ಯಾಕೆ? ನಿನ್ನ ತಮ್ಮನೇ ನೋಡಿ ಒಪ್ಪಿದ್ದಾನೆ," ಅಂದರು ಭಾವ. "ಕೇಳು ಅವನನ್ನೇ."

ಎಲ್ಲರೂ ನನ್ನತ್ತ ತಿರುಗಿದರು. ಮ್ಯಾನೇಜರ್, ಜೊತೆಗೆ ನನ್ನ ಗ್ಯಾರೇಜಿನ ಇಬ್ಬರು ಗಿರಾಕಿಗಳು. ಹೌದು ಅಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

"ಭಾವ, ನಾನು ನೋಡಿದ್ದು ಗೋಡೆ. ಗಾಡಿ ನೋಡಲೇ ಇಲ್ಲ. ಗೊತ್ತಿಲ್ಲದೆ ಹೇಳಿಬಿಟ್ಟೆ."

ಅಕ್ಕ ವ್ಯಾನಿನ ಅಲಂಕಾರದ ರಿಬ್ಬನ್ ಸರಿಸಿದಳು. ಗಾಜಿನ ಮೂಲೆಯಲ್ಲಿ ಮೈಲೇಜ್ ಚೀಟಿ: ಲೀಟರಿಗೆ ಹನ್ನೊಂದು. ಪಕ್ಕದ ಸಣ್ಣ ವ್ಯಾನಿನದು ಹತ್ತೊಂಬತ್ತು.

"ಇದು ಪರೀಕ್ಷೆಯಲ್ಲಿ ಬಂದ ಅಂಕಿ ರೀ. ರಸ್ತೆಗೆ ಇಳಿದು ಹೊರೆ ಹೊತ್ತರೆ ಇನ್ನೂ ಕಮ್ಮಿಯಾಗಬಹುದು."

"ಮತ್ತೆ ಆ ಪ್ರಮಾಣಪತ್ರ?" ಭಾವ ಮ್ಯಾನೇಜರನ್ನು ಕೇಳಿದರು.

"ಅದು ಕಂಪನಿಗೆ ಸಾರ್. ಈ ಮಾದರಿಗೆ ಅಂತ ನಾವು ಹೇಳಿಲ್ಲವಲ್ಲ."

"ನಾನೂ ಕೇಳಲಿಲ್ಲ." ಭಾವ ಸಹಿ ಮಾಡಿದ್ದ ಎರಡೂ ಹಾಳೆ ವಾಪಸ್ ತೆಗೆದುಕೊಂಡು ಹರಿದರು. "ಬ್ರೆಡ್ ಏನು ಕಬ್ಬಿಣವೇ? ನನಗೆ ಸಣ್ಣ ವ್ಯಾನೇ ಸಾಕು. ಅದರ ಕಾಗದ ತನ್ನಿ, ನನ್ನ ಹೆಂಡತಿ ಓದಲಿ."

ನೀವೂ ಗಾಡಿ ಕೊಳ್ಳಲು ಹೊರಟಿದ್ದೀರಾ? ಕಂಪನಿ ನಿಯಮ ಪಾಲಿಸಿದೆ ಅಂದರೆ ಸಂತೋಷಪಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ನೀವು ಕೊಳ್ಳುವ ಅದೇ ಮಾದರಿಯ ಮೈಲೇಜ್ ಚೀಟಿ ಓದಿ, ಪಕ್ಕದ ಗಾಡಿಯ ಜೊತೆ ಹೋಲಿಸಿ. ಚೀಟಿ ಕಾಣದಿದ್ದರೆ ಜೋರಾಗಿ ಕೇಳಿ. ಅದನ್ನು ತೋರಿಸುವ ತನಕ ಪೆನ್ನಿನ ಮುಚ್ಚಳ ತೆಗೆಯಬೇಡಿ.